ಗ್ಲೆನಿಸಳ ಹಳೇ ಫೋನಿನ ತೊಟ್ಟಿ

ಗ್ಲೆನಿಸ್ ಟ್ರೆಜೈಸ್ ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ ಬದುಕು ಸಾಗಿಸಿಕೊಂಡು ಬಂದವಳು. ಆಸ್ಟ್ರೇಲಿಯಾದ ಕಡಲಂಚಿನ ಊರು ಪೋರ್ಟ್ ಟ್ರೆನಿಕ್ಕಿನ ದೊಡ್ಡ ಬೀದಿಯಲ್ಲಿ ಬೇಕರಿ ದಾಟಿದ ಮೇಲೆ ಅವಳ ಪಾರ್ಲರ್, ಅದಕ್ಕೆ ಅಂಟಿಕೊಂಡು ನನ್ನ ಔಷಧಿ ಅಂಗಡಿ. ನಡುವೆ ಒಂದೇ ಗೋಡೆ, ಹಿಂದೆ ಒಂದೇ ಹಿತ್ತಲು. ಅವಳು ಕೂದಲು ಒಣಗಿಸುವ ಯಂತ್ರ ಹಾಕಿದರೆ ನನ್ನ ಕಡೆ ಕೆಮ್ಮಿನ ಔಷಧಿಯ ಬಾಟಲಿಗಳು ಸಣ್ಣಗೆ ನಡುಗುತ್ತಿದ್ದವು. ನಾನು ಈ ಊರಿಗೆ ಬಂದ ಹೊಸದರಲ್ಲಿ ನನ್ನ ಹೆಸರನ್ನು ಸರಿಯಾಗಿ ಕೇಳಿ ತಿಳಿದುಕೊಂಡು, ಆಮೇಲೆ ಅದನ್ನು ಮೊಟಕು ಮಾಡಿ "ಪ್ರಮೀ" ಎಂದು ಕರೆದ ಮೊದಲ ಹೆಂಗಸು ಅವಳು. ಆಗಲೇ ಅವಳಿಗೆ ಅರವತ್ತು ದಾಟಿತ್ತು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಕೈಯಲ್ಲಿ ಕತ್ತರಿ ಇಲ್ಲದಿದ್ದರೂ ಇರುವವಳ ಹಾಗೆ ಬೆರಳಾಡಿಸುತ್ತ ಮಾತಾಡುತ್ತಿದ್ದಳು.

ಅವಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಐಸ್‌ಕ್ರೀಮ್ ಡಬ್ಬಿ ಇರುತ್ತಿತ್ತು. ಅದರ ಮೇಲೆ ಅವಳೇ ದಪ್ಪ ಅಕ್ಷರದಲ್ಲಿ ಬರೆದಿದ್ದಳು: "ಹಳೇ ಫೋನು ಇಲ್ಲಿ ಹಾಕಿ. ಯಾರಿಗೋ ಬೇಕು." ಜನ ಹೊಸ ಫೋನು ಕೊಂಡಾಗ ಹಳೆಯದನ್ನು ಅಡುಗೆಮನೆಯ ಡ್ರಾಯರಿನಲ್ಲಿ ತುರುಕಿ ಮರೆಯುತ್ತಾರಲ್ಲ, ಅಂಥವನ್ನು ಅವಳು ಕೇಳಿ ಕೇಳಿ ತರಿಸುತ್ತಿದ್ದಳು. ಬಾಚಣಿಗೆ ತೊಳೆಯುವ ಸ್ಪಿರಿಟ್ಟಿನಲ್ಲಿ ಒರೆಸಿ, ಚಾರ್ಜ್ ಮಾಡಿ, ಒಳಗಿದ್ದುದನ್ನೆಲ್ಲ ಅಳಿಸಿ, ಅಡಿಲೇಡಿನ ಹೆಂಗಸರ ಆಶ್ರಯಮನೆಗೆ ಕಳಿಸುತ್ತಿದ್ದಳು. ಅಲ್ಲಿಯವರು ಹೊಸ ಸಿಮ್ ಹಾಕಿ, ಹೊಡೆತ ತಿಂದು ಓಡಿಬಂದ ಹೆಂಗಸರ ಕೈಗೆ ಕೊಡುತ್ತಿದ್ದರು. ಕೆಲವು ಫೋನುಗಳು ಇನ್ನೂ ಓಡಿಬರಲಾಗದೆ ಮನೆಯಲ್ಲೇ ಇದ್ದವರ ಕೈಗೂ ಗುಟ್ಟಾಗಿ ಸೇರುತ್ತಿದ್ದವು. ಗಂಡ ಕೈಯೆತ್ತುವ ಮನೆಯಲ್ಲಿ ಹೆಂಡತಿಯ ಫೋನು ಹೆಂಡತಿಯದಾಗಿರುವುದಿಲ್ಲ. ಅವಳು ಯಾರಿಗೆ ಮಾತಾಡಿದಳು, ಎಲ್ಲಿ ನಿಂತಿದ್ದಾಳೆ, ಎಲ್ಲವೂ ಅವನ ಅಂಗೈಯಲ್ಲಿ ಕಾಣುತ್ತಿರುತ್ತದೆ. ಆದ್ದರಿಂದಲೇ ಅವನಿಗೆ ಗೊತ್ತಿಲ್ಲದ ಇನ್ನೊಂದು ಫೋನು ಬೇಕು.

ಇದೆಲ್ಲ ಯಾಕೆ ಹಚ್ಚಿಕೊಂಡೆ ಎಂದು ಒಮ್ಮೆ ಕೇಳಿದ್ದೆ. ಹಿತ್ತಲಿನಲ್ಲಿ ಬಕೆಟ್ ಬೋರಲು ಹಾಕಿ ಕೂತು ಟೀ ಕುಡಿಯುತ್ತಿದ್ದೆವು.

"ನನ್ನ ಮೊದಲನೇ ಗಂಡ ಗೋಧಿ ಬೆಳೀತಿದ್ದ ಕಣೇ. ಒಳನಾಡಲ್ಲಿ, ಮನೆಗೆ ಮನೆ ಕಾಣ್ತಿರ್ಲಿಲ್ಲ. ಆಗೆಲ್ಲ ಗೋಡೆ ಫೋನು. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅದನ್ನ ಗೋಡೆಯಿಂದ ಕಿತ್ತು, ಪಿಕಪ್ ಗಾಡೀಲಿ ಪಕ್ಕದ ಸೀಟಲ್ಲಿ ಇಟ್ಕೊಂಡು ಹೋಗ್ತಿದ್ದ. ಸಾಯಂಕಾಲ ಬಂದು ಮತ್ತೆ ಸಿಗಿಸ್ತಿದ್ದ."

"ಫೋನನ್ನೇ ತಗೊಂಡು ಹೋಗ್ತಿದ್ನಾ?"

"ಹೂಂ. ಊಟದ ಡಬ್ಬಿ ತಗೊಂಡು ಹೋದ ಹಾಗೆ. ನನ್ನ ಕೈ ಮುರಿದ ದಿನ ಗೋಡೆ ಮೇಲೆ ಬರೀ ವೈರ್ ನೇತಾಡ್ತಿತ್ತು. ಪಕ್ಕದ ಹೊಲದೋರ ಮನೆಗೆ ನಡ್ಕೊಂಡು ಹೋದೆ. ಬಾಗಿಲು ತೆಗೆದ ಹೆಂಗಸು ನನ್ನ ಮುಖ ನೋಡಿ ಏನೂ ಕೇಳ್ಲಿಲ್ಲ, ಫೋನು ತೋರಿಸಿ ತಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಅಷ್ಟೇ ಸಾಕಿತ್ತು ನಂಗೆ."

ಹೇಳಿ ಮುಗಿಸಿ, ಉಳಿದ ಟೀಯನ್ನು ಗಿಡದ ಬುಡಕ್ಕೆ ಚೆಲ್ಲಿ ಎದ್ದುಹೋದಳು. ಅವಳ ಬಾಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಊರಿನವರಿಗೆ ಆ ಡಬ್ಬಿಯ ಬಗ್ಗೆ ತಕರಾರೇನೂ ಇರಲಿಲ್ಲ. ಎಲ್ಲೋ ದೂರದ, ಮುಖ ಕಾಣದ ಹೆಂಗಸರಿಗೆ ಉಪಕಾರ ಎಂದುಕೊಂಡು ಫೋನು ಹಾಕಿ ಹೋಗುತ್ತಿದ್ದರು. ತಕರಾರು ಶುರುವಾದದ್ದು ಡಬ್ಬಿಯ ಫೋನೊಂದು ಇದೇ ಊರಿನ ಮನೆಯೊಳಗೆ ಹೋದ ಮೇಲೆ.

ಆ ಮನೆ ಡ್ಯಾರಿನ್ ಪ್ಯಾಸ್ಕೋನದು. ಡ್ಯಾರಿನ್ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ. ಸುಗ್ಗಿಯಲ್ಲಿ ತನ್ನ ಕೊಯ್ಲಿನ ಯಂತ್ರಗಳನ್ನು ಊರೂರಿಗೆ ಒಯ್ಯುತ್ತಿದ್ದವನು. ಯಾರ ಮನೆಗೆ ಬೆಂಕಿ ಬಿದ್ದರೂ, ಯಾರಿಗೆ ಕ್ಯಾನ್ಸರ್ ಬಂದರೂ, ಕ್ಲಬ್ಬಿನಲ್ಲಿ ಮಾಂಸದ ತಟ್ಟೆ ಬಹುಮಾನವಿಟ್ಟು ಲಾಟರಿ ಎತ್ತಿಸಿ ನೆರವು ಕೊಡಿಸುತ್ತಿದ್ದ. ನಗುಮುಖ, ದೊಡ್ಡ ದನಿ, ಎಲ್ಲರ ಹೆಗಲ ಮೇಲೂ ಕೈ. ಅವನ ಹೆಂಡತಿ ಲೀಸಾ ನೆಟ್‌ಬಾಲ್ ಆಡುತ್ತಿದ್ದ ಎತ್ತರದ ಹುಡುಗಿ. ಎರಡು ಹೆಣ್ಣುಮಕ್ಕಳಾದ ಮೇಲೆ ಆಟ ಬಿಟ್ಟಳು, ಆಮೇಲೆ ಗೆಳತಿಯರನ್ನು ಬಿಟ್ಟಳು. ಪಾರ್ಲರಿಗೆ ಬರುವುದೊಂದು ಉಳಿದಿತ್ತು.

ಬಂದಾಗಲೆಲ್ಲ ಅವಳ ಫೋನು ಹೊಡೆದುಕೊಳ್ಳುತ್ತಿತ್ತು. ತಲೆ ನೀರಲ್ಲಿದ್ದರೂ ಎತ್ತಬೇಕು. ಎತ್ತಿ ಮುಖ ತೋರಿಸಬೇಕು. ಆಮೇಲೆ ಫೋನನ್ನು ನಿಧಾನವಾಗಿ ಸುತ್ತ ತಿರುಗಿಸಿ ಕುರ್ಚಿ, ಕನ್ನಡಿ, ಕಿಟಕಿ ತೋರಿಸಬೇಕು. ಒಂದು ಸಲ ಆ ಕ್ಯಾಮೆರಾ ಗ್ಲೆನಿಸಳ ಮುಖದೆದುರು ಬಂದು ನಿಂತಿತು.

"ಏನಪ್ಪಾ ಡ್ಯಾರಿನ್, ನಿಂಗೂ ತಲೆಗೆ ಬಣ್ಣ ಬೇಕಾ?" ಎಂದಳು ಗ್ಲೆನಿಸ್. "ಬಾ, ಅವಳ ಪಕ್ಕದಲ್ಲೇ ಕೂರಿಸ್ತೀನಿ."

ಆ ಕಡೆಯಿಂದ ದೊಡ್ಡ ನಗು ಕೇಳಿತು. ಆದರೆ ಲೀಸಾ ನಗಲಿಲ್ಲ. ಆ ದಿನ ಅವಳ ಕಿವಿಯ ಹಿಂದೆ, ಕೂದಲಡಿ, ಹಳದಿಗೆ ತಿರುಗುತ್ತಿದ್ದ ಕಲೆ ಗ್ಲೆನಿಸಳ ಬೆರಳಿಗೆ ಸಿಕ್ಕಿತ್ತು.

ಮುಂದಿನ ಸಲ ಅವಳು ಬಂದಾಗ ಗ್ಲೆನಿಸ್ ಲೀಸಾಳ ಫೋನನ್ನು ಟವೆಲಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟು, ಅದರ ಪಕ್ಕ ಒಣಗಿಸುವ ಯಂತ್ರ ಜೋರಾಗಿ ಹಾಕಿ, ಅವಳ ಕಿವಿಗೆ ಬಗ್ಗಿದಳು. ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ನನ್ನ ಕಡೆ ಬಾಟಲಿಗಳು ಬಹಳ ಹೊತ್ತು ನಡುಗಿದವು. ಲೀಸಾ ಹೊರಟಾಗ ಅವಳ ಚೀಲದಲ್ಲಿ ಶಾಂಪೂ ಬಾಟಲಿಯ ಅಡಿಗೆ, ಆಶ್ರಯಮನೆಯವರು ಸಿಮ್ ಹಾಕಿ ಕಳಿಸಿದ್ದ ಒಂದು ಹಳೇ ಫೋನಿತ್ತು. ಬೇಕರಿಯವಳು ಹಾಕಿದ್ದ ಫೋನು. ಮೂಲೆಯಲ್ಲಿ ಸ್ವಲ್ಪ ಒಡೆದಿತ್ತು. ಅದರಿಂದ ಲೀಸಾ ಮನೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು, ಯಂತ್ರದ ಸದ್ದಿನಲ್ಲಿ, ಆಶ್ರಯಮನೆಯವರ ಜೊತೆ ವಾರಗಟ್ಟಲೆ ಮಾತಾಡಿದಳು.

ಹೊರಟ ದಿನ ಮಧ್ಯಾಹ್ನ ಅವಳು ಎಂದಿನಂತೆ ಪಾರ್ಲರಿಗೆ ಬಂದಳು. ಕೂದಲಿಗೆ ಬಣ್ಣ ಹಚ್ಚಿಸಿ, ಬಣ್ಣ ಹಿಡಿಯಲೆಂದು ಒಂದೊಂದು ಎಳೆಗೂ ಅಲ್ಯೂಮಿನಿಯಂನ ಬೆಳ್ಳಿ ಹಾಳೆ ಸುತ್ತಿಸಿಕೊಂಡಳು. ಗಂಡ ಫೋನಿನಲ್ಲಿ ನೋಡಿದಾಗ ಎಲ್ಲ ನಿಜವಾಗಿರಬೇಕಲ್ಲ. ಅವನು ನೋಡಿದ, ಸಮಾಧಾನಪಟ್ಟ, ಕರೆ ನಿಲ್ಲಿಸಿದ. ನಿಲ್ಲಿಸಿದ ಕೂಡಲೇ ಲೀಸಾ ತನ್ನ ಫೋನನ್ನು ಕನ್ನಡಿಯ ಕೆಳಗೆ ಬಿಟ್ಟು ಹಿಂದಿನ ಬಾಗಿಲಿಂದ ಹಿತ್ತಲಿಗೆ ಬಂದಳು. ನಾನು ಆಗ ರಟ್ಟಿನ ಪೆಟ್ಟಿಗೆ ಮಡಚುತ್ತಿದ್ದೆ. ತಲೆತುಂಬ ಬೆಳ್ಳಿ ಹಾಳೆ ಹೊತ್ತ ಹೆಂಗಸೊಬ್ಬಳು ನನ್ನ ಮುಂದೆ ಹಾದು ಗ್ಲೆನಿಸಳ ಹಳೇ ಕಾರು ಹತ್ತಿದಳು. ಅದರಲ್ಲಿ ಕೀಲಿ ಇತ್ತು. ಅವಳು ನನ್ನನ್ನು ನೋಡಿದಳು. ನಾನು ಹಿತ್ತಲಿನ ಗೇಟು ತೆಗೆದೆ. ಅವಳು ಶಾಲೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಹಾಗೆಯೇ ಅಡಿಲೇಡಿಗೆ ಹೋದಳು. ಹಾಳೆಗಳನ್ನು ಬಿಚ್ಚಿ ಅವಳ ತಲೆ ತೊಳೆದವರು ಆಶ್ರಯಮನೆಯ ಹೆಂಗಸರು. ತೊಳೆಯುವ ಹೊತ್ತು ಮೀರಿ ಕೂದಲು ಕಿತ್ತಳೆ ಬಣ್ಣಕ್ಕೆ ತಿರುಗಿತ್ತಂತೆ.

ಇತ್ತ ಕನ್ನಡಿಯ ಕೆಳಗೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಗ್ಲೆನಿಸ್ ಎತ್ತಿದಳು.

"ತಲೆ ಬೇಸಿನ್ನಲ್ಲಿದೆ ಕಣಪ್ಪಾ. ಈಗ ಎದ್ರೆ ನನ್ನ ನೆಲ ಎಲ್ಲ ಬಣ್ಣ. ಆಮೇಲೆ ಮಾಡು."

ಮತ್ತೆ ಕರೆ ಬಂದಾಗ, "ಒಣಗಿಸ್ತಿದೀನಿ, ಕೇಳಲ್ಲ," ಎಂದಳು. ಅದಾದ ಮೇಲೆ ಎತ್ತಲಿಲ್ಲ. ಡ್ಯಾರಿನ್ ತಾನೇ ಬಂದ. ಖಾಲಿ ಕುರ್ಚಿ ನೋಡಿದ, ಫೋನು ನೋಡಿದ.

"ಎಲ್ಲಿ ಅವಳು?"

"ಹೋದ್ಲು."

"ಎಲ್ಲಿಗೆ?"

"ದೊಡ್ಡ ಹೆಂಗಸು. ನಾನ್ಯಾಕೆ ಕೇಳ್ಲಿ?"

ಅವನು ನಗುತ್ತಲೇ ಹತ್ತಿರ ಬಂದ. "ಗ್ಲೆನಿಸ್, ನಾನು ಚಿಕ್ಕವನಾಗಿದ್ದಾಗ ನೀವೇ ನನ್ನ ಕೂದಲು ಕತ್ತರಿಸ್ತಿದ್ರಿ. ನಮ್ಮಮ್ಮನ ಗೆಳತಿ ನೀವು. ನನ್ನ ಮನೆ ಒಡೀಬೇಡಿ."

"ನಿನ್ನ ಮನೇನ ನಾನು ಮುಟ್ಟಿಲ್ಲ ಮಗಾ. ಅವಳ ಕಿವಿ ಹಿಂದೆ ಮಾತ್ರ ಮುಟ್ಟಿದೆ. ಅಲ್ಲಿ ಏನಿತ್ತು ಅಂತ ನಿಂಗೆ ಗೊತ್ತು."

ಅವನ ನಗು ಅಳಿಸಿಹೋದದ್ದನ್ನು ನಾನು ಪಾರ್ಲರಿನ ಹಿಂಬಾಗಿಲಲ್ಲಿ ನಿಂತು ನೋಡಿದೆ. ಗಲ್ಲಾಪೆಟ್ಟಿಗೆಯ ಪಕ್ಕದ ಡಬ್ಬಿಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ. "ಈ ದರಿದ್ರ ಇವತ್ತಿಗೆ ಮುಗೀತು ಅಂದ್ಕೋ," ಎಂದ. ಬಹುವಚನ ಅಷ್ಟರಲ್ಲೇ ಹೋಗಿತ್ತು.

"ತಗೊಂಡು ಹೋಗು," ಎಂದಳು ಗ್ಲೆನಿಸ್. "ನಾಳೆ ಇದಕ್ಕಿಂತ ದೊಡ್ಡದು ಇಡ್ತೀನಿ."

ಕಡಲೊಳಕ್ಕೆ ಚಾಚಿದ ಜೆಟ್ಟಿಯ ತುದಿಗೆ ಹೋಗಿ ಅವನು ಡಬ್ಬಿಯನ್ನು ಫೋನುಗಳ ಸಮೇತ ಸಮುದ್ರಕ್ಕೆ ಎಸೆದ. ಏಡಿ ಹಿಡಿಯುತ್ತ ಕೂತವರೆಲ್ಲ ಕಂಡರು. ಯಾರೂ ಬಾಯಿ ಬಿಡಲಿಲ್ಲ. ಮಾರನೆಯ ದಿನ ಪಾರ್ಲರಿನ ಗಲ್ಲಾಪೆಟ್ಟಿಗೆಯ ಪಕ್ಕ ಏಡಿ ತುಂಬುವ ಬಕೆಟ್ ಬಂದು ಕೂತಿತ್ತು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎನ್ನುತ್ತೇವಲ್ಲ, ಆ ಗಾದೆ ಇಲ್ಲಿಯವರ ಬಾಯಲ್ಲಿಲ್ಲ, ಮನಸ್ಸಿನಲ್ಲಿ ಮಾತ್ರ ಗಟ್ಟಿಯಾಗಿತ್ತು. ಒಳ್ಳೆಯ ಸಂಸಾರವನ್ನು ಗ್ಲೆನಿಸ್ ಕೆಡಿಸಿದಳು ಎಂದರು. ಮದುವೆ ಉಳಿಸಿಕೊಳ್ಳಲಾಗದ ಮುದುಕಿಗೆ ಹೊಟ್ಟೆಕಿಚ್ಚು ಎಂದರು. ಅವಳ ಕೈಯಲ್ಲಿ ಎಷ್ಟೋ ವರ್ಷ ತಲೆ ಕೊಟ್ಟವರು ಪಕ್ಕದೂರಿಗೆ ಹೋಗಿ ಕೂದಲು ಮಾಡಿಸಿಕೊಂಡು ಬಂದು, ಅವಳ ಕಿಟಕಿಯ ಮುಂದೆಯೇ ಹಾದುಹೋದರು. ಒಂದು ಬೆಳಿಗ್ಗೆ ಗಾಜಿನ ಮೇಲೆ ಮೊಟ್ಟೆ ಒಣಗಿತ್ತು. ನಾನು ಬಟ್ಟೆ ತೆಗೆದುಕೊಂಡು ಹೋದರೆ ತಡೆದಳು.

"ಬಿಡು, ಇರ್ಲಿ. ಎಸೆದೋರು ನಿನ್ನ ಅಂಗಡಿಗೆ ಬರುವಾಗ ನೋಡ್ಕೊಂಡು ಹೋಗ್ಲಿ."

"ವಾಸನೆ ಬರ್ತಿದೆ ಗ್ಲೆನಿಸ್."

"ಬರ್ಲಿ. ಅವರದೇ ವಾಸನೆ."

ಅಂಗಡಿಯ ಮಾಲೀಕ ಬಂದು, ಬಾಡಿಗೆ ಕರಾರು ಮುಗಿಯುವ ಸಮಯ, ಬಕೆಟ್ ತೆಗೆದರೆ ಮುಂದುವರಿಸಬಹುದು ಎಂದು ಮೆಲ್ಲಗೆ ಹೇಳಿದ. ಅವನು ಕ್ಲಬ್ಬಿನ ಹಳೆಯ ಆಟಗಾರ. ಆ ಸಾಯಂಕಾಲವೇ ಅವಳು ತನ್ನ ಮನೆಯ ಚಕ್ರದ ಕಸದ ತೊಟ್ಟಿಯನ್ನು, ಎದೆ ಮಟ್ಟ ಬರುವಂಥದ್ದನ್ನು, ಹಿತ್ತಲಿಗೆ ತಂದು ಬಿಸಿನೀರು ಸುರಿದು ಉಜ್ಜಿದಳು. ನನ್ನನ್ನು ಕರೆದಳು.

"ಪ್ರಮೀ, ಗುಲಾಬಿ ಬಣ್ಣ ಚೆನ್ನಾಗಿರುತ್ತಾ?"

"ಯಾಕೆ ಇಷ್ಟು ದೊಡ್ಡದು?"

"ಇದನ್ನ ಕಂಕುಳಲ್ಲಿ ಇಟ್ಕೊಂಡು ಹೋಗಕ್ಕೆ ಆಗಲ್ಲ ಅಂತ."

ಇಬ್ಬರೂ ಸೇರಿ ಬಣ್ಣ ಬಳಿದೆವು. ನನ್ನ ಅಂಗಿಯ ತೋಳಿಗೂ ಹತ್ತಿತು.

ಶನಿವಾರ ನಮ್ಮೂರಿನ ಮೈದಾನದಲ್ಲೇ ಪಂದ್ಯ. ಆ ದಿನ ಇಡೀ ಊರು ಅಲ್ಲಿರುತ್ತದೆ. ಕಾರುಗಳು ಬೇಲಿಗೆ ಮೂತಿಕೊಟ್ಟು ಸಾಲಾಗಿ ನಿಲ್ಲುತ್ತವೆ. ಗ್ಲೆನಿಸ್ ಬೆಳಿಗ್ಗೆಯೇ ತನ್ನ ಕೂದಲು ಸೆಟ್ ಮಾಡಿಕೊಂಡು, ತುಟಿಗೆ ಕೆಂಪು ಹಚ್ಚಿಕೊಂಡು, ತೊಟ್ಟಿಯ ಹಿಡಿ ಹಿಡಿದು ಹೊರಟಳು. ನಾನು ಅಂಗಡಿ ಮುಚ್ಚಿ ಜೊತೆಗೆ ನಡೆದೆ. ಖಾಲಿ ತೊಟ್ಟಿಯ ಚಕ್ರಗಳು ರಸ್ತೆಯ ಮೇಲೆ ಗಡಗಡ ಎನ್ನುತ್ತ ದೊಡ್ಡ ಬೀದಿಯುದ್ದಕ್ಕೂ ಸದ್ದು ಮಾಡಿದವು. ಬೇಕರಿಯಲ್ಲಿ ನಿಂತವರು ಮಾಂಸ ತುಂಬಿದ ಕಡುಬಿನಂಥ ಪಾಸ್ಟಿ ಕಚ್ಚುವುದನ್ನು ಬಿಟ್ಟು ನೋಡಿದರು. ಒಬ್ಬ ಕಾರಿನಿಂದ ತಲೆ ಹೊರಹಾಕಿ, "ಏನ್ ಗ್ಲೆನಿಸ್, ಕಸದ ಕೆಲಸಕ್ಕೆ ಸೇರ್ಕೊಂಡ್ರಾ?" ಎಂದ.

"ಹೌದಪ್ಪಾ. ಊರಲ್ಲಿ ಕಸ ಜಾಸ್ತಿ ಆಗಿದೆ," ಎಂದಳು, ನಡಿಗೆ ನಿಲ್ಲಿಸದೆ.

ಮೈದಾನದ ಗೇಟಿನಲ್ಲಿ ಡ್ಯಾರಿನ್ ಟಿಕೆಟ್ ಕೊಡುವವರ ಜೊತೆ ನಿಂತಿದ್ದ.

"ಒಳಗೆ ಬಿಡಲ್ಲ. ಇದು ಕ್ಲಬ್ ಜಾಗ."

"ಒಳಗೆ ಯಾರು ಬರ್ತಿದಾರೆ? ರಸ್ತೆ ನಿಮ್ಮಪ್ಪಂದಲ್ಲ," ಎಂದು ಗ್ಲೆನಿಸ್ ತೊಟ್ಟಿಯನ್ನು ಗೇಟಿನ ಎದುರು ರಸ್ತೆಯಂಚಿನಲ್ಲಿ ನಿಲ್ಲಿಸಿದಳು. ಮುಚ್ಚಳ ತೆರೆದಿಟ್ಟು, ಮಡಚುವ ಕುರ್ಚಿ ಹಾಕಿಕೊಂಡು ಕೂತಳು.

ಊರೆಲ್ಲ ನಮ್ಮ ಮುಂದೆ ಹಾದುಹೋಯಿತು. ಕೆಲವರು ನೆಲ ನೋಡಿದರು, ಕೆಲವರು ಮೋಡ ನೋಡಿದರು. ನೆಟ್‌ಬಾಲ್ ತಂಡದ ಹುಡುಗಿಯೊಬ್ಬಳು ನಡಿಗೆ ನಿಧಾನ ಮಾಡಿದಳು, ಅವಳ ಗಂಡ ಮೊಣಕೈ ಹಿಡಿದು ಕರೆದುಕೊಂಡು ಹೋದ. ತೊಟ್ಟಿಗೆ ಯಾರೋ ಬಿಯರ್ ಡಬ್ಬಿ ಎಸೆದರು. ಗ್ಲೆನಿಸ್ ಅದನ್ನು ಹೆಕ್ಕಿ ಕುರ್ಚಿಯ ಕೆಳಗಿಟ್ಟಳು. ಆಟ ಶುರುವಾಯಿತು. ಸಮುದ್ರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಮನೆಗೆ ಹೋಗೋಣ ಎಂದೆ.

"ನೀನು ಹೋಗು. ಆಟ ಮುಗಿದ ಮೇಲೆ ಅವರೆಲ್ಲ ಇದೇ ಗೇಟಿಂದ ಆಚೆ ಬರ್ಬೇಕಲ್ಲ. ಇನ್ನೊಂದು ಸಲ ನನ್ನ ಮುಖ ನೋಡ್ಲಿ."

ನಾನು ಹೋಗಲಿಲ್ಲ.

ಆಟದ ವಿರಾಮದಲ್ಲಿ ಗಲಾಟೆ ತಗ್ಗಿತು. ಕ್ಯಾಂಟೀನಿನ ಮುಂದೆ ಸಾಲು ನಿಂತಿತು. ಆ ಕ್ಯಾಂಟೀನಿನಲ್ಲಿ ಪಾಸ್ಟಿ ಬಡಿಸುತ್ತಿದ್ದವಳು ವರ್ನಾ ಪ್ಯಾಸ್ಕೋ, ಡ್ಯಾರಿನ್ನನ ತಾಯಿ. ಗ್ಲೆನಿಸಳ ಗೆಳತಿ. ಲೀಸಾ ಹೋದ ದಿನದಿಂದ ಇವಳ ಜೊತೆ ಮಾತು ಬಿಟ್ಟಿದ್ದಳು. ಆ ವರ್ನಾ ಚಿಮಟ ಕೆಳಗಿಟ್ಟು, ಕೌಂಟರಿನ ಹಿಂದಿನಿಂದ ಹೊರಬಂದು, ಏಪ್ರನ್ ಕೂಡ ಬಿಚ್ಚದೆ ಗೇಟಿನ ಕಡೆ ನಡೆದು ಬಂದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಡ್ಯಾರಿನ್ ಅವಳಿಗೆ ಅಡ್ಡ ಬಂದ.

"ಅಮ್ಮಾ, ಎಲ್ಲಿಗೆ?"

ಅವಳು ಅವನ ಪಕ್ಕದಿಂದ ಹಾದು ಬಂದಳು. ಏಪ್ರನ್ನಿನ ಜೇಬಿನಿಂದ ತನ್ನ ಫೋನು ತೆಗೆದಳು. ಹಳೆಯದಲ್ಲ, ಆ ವರ್ಷದ ತಾಯಂದಿರ ದಿನಕ್ಕೆ ಮಗನೇ ಕೊಡಿಸಿದ್ದು.

"ಇದನ್ನ ತಗೋತೀಯಾ ಗ್ಲೆನಿಸ್?"

"ತಗೋತೀನಿ. ಆದ್ರೆ ಇದು ಹೊಸದು ಕಣೇ."

"ದಿನಾ ಇದಕ್ಕೇ ಫೋನ್ ಮಾಡಿ ಕೇಳ್ತಾನೆ, ಅವಳೆಲ್ಲಿ, ಮಕ್ಕಳೆಲ್ಲಿ, ನಿಂಗೆ ಗೊತ್ತು ಹೇಳು ಅಂತ. ನಂಗೆ ಗೊತ್ತಿದ್ರೆ ಬಾಯಿಬಿಟ್ಬಿಡ್ತೀನೇನೋ ಅಂತ ಭಯ." ತೊಟ್ಟಿಯ ಮೇಲೆ ಕೈ ಚಾಚಿ ಫೋನನ್ನು ಬಿಟ್ಟಳು. ಖಾಲಿ ತೊಟ್ಟಿಯ ತಳಕ್ಕೆ ಬಿದ್ದ ಸದ್ದು ಕ್ಯಾಂಟೀನಿನ ತನಕ ಕೇಳಿತು.

ಡ್ಯಾರಿನ್ ಹಿಂದೆಯೇ ಬಂದಿದ್ದ. "ಅಮ್ಮಾ, ಜನ ನೋಡ್ತಿದಾರೆ," ಎಂದ ತಗ್ಗಿದ ದನಿಯಲ್ಲಿ.

ವರ್ನಾ ತಿರುಗಿದಳು. ಆ ಹೆಂಗಸಿನ ದನಿ ಅಷ್ಟು ದೊಡ್ಡದಿದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

"ನೋಡ್ಲಿ. ಇಷ್ಟು ವರ್ಷ ನೋಡದೇ ಇದ್ದದ್ದು ಸಾಕು. ನಿಮ್ಮಪ್ಪನ ಕಾಲದಲ್ಲಿ ಇಂಥದ್ದೊಂದು ತೊಟ್ಟಿ ಇದ್ದಿದ್ರೆ, ಡ್ಯಾರಿನ್, ನೀನು ಬೇರೆ ಊರಲ್ಲಿ ಬೆಳೀತಿದ್ದೆ. ಮನುಷ್ಯನಾಗಿ ಬೆಳೀತಿದ್ದೆ."

ಅವನು ಸುತ್ತ ನಿಂತವರಲ್ಲಿ ಒಬ್ಬನಾದರೂ ಹೆಗಲ ಮೇಲೆ ಕೈ ಹಾಕುತ್ತಾನೇನೋ ಎಂಬಂತೆ ಆಚೀಚೆ ನೋಡಿದ. ಆಮೇಲೆ ತನ್ನ ಗಾಡಿ ಹತ್ತಿ ಹೊರಟುಹೋದ. ಉಳಿದರ್ಧ ಆಟಕ್ಕೆ ಅಧ್ಯಕ್ಷನಿರಲಿಲ್ಲ. ವರ್ನಾ ನಮ್ಮ ಜೊತೆಯೇ ನಿಂತಳು. ಗ್ಲೆನಿಸ್ ಎದ್ದು ಅವಳಿಗೆ ಕುರ್ಚಿ ಕೊಟ್ಟಳು. ಕ್ಯಾಂಟೀನಿನಲ್ಲಿ ಬಡಿಸುವವರಿಲ್ಲದೆ ಜನ ತಾವೇ ಪಾಸ್ಟಿ ತೆಗೆದುಕೊಂಡರು.

ಆಟ ಮುಗಿದು ಜನ ಹೊರಬಂದಾಗ ಆ ನೆಟ್‌ಬಾಲಿನ ಹುಡುಗಿ ಗಂಡನ ಕೈ ಬಿಡಿಸಿಕೊಂಡು ಬಂದು, ಮನೆಯಲ್ಲಿ ಎರಡಿವೆ, ನಾಳೆ ತರುತ್ತೇನೆ ಎಂದಳು. ಏಡಿ ಹಿಡಿಯುವ ಮುದುಕನೊಬ್ಬ ಬಟನ್ ಒತ್ತುವ ಕಾಲದ ಫೋನೊಂದನ್ನು ಹಾಕಿ, ಜೆಟ್ಟಿಯ ಮೇಲೆ ಆ ದಿನ ತಾನೂ ಇದ್ದೆ ಎಂದು ಗೊಣಗಿ ಹೋದ. ಅಷ್ಟೇ. ಊರು ಒಂದೇ ಮಧ್ಯಾಹ್ನದಲ್ಲಿ ಬದಲಾಗುವುದಿಲ್ಲ. ಬಹಳ ಜನ ಆ ದಿನವೂ ಸುಮ್ಮನೆ ಹಾದುಹೋದರು.

ಮಾಲೀಕ ಕರಾರು ಮುಂದುವರಿಸಲಿಲ್ಲ. ಗ್ಲೆನಿಸ್ ತನ್ನ ಕುರ್ಚಿ, ಕನ್ನಡಿ, ಬೇಸಿನ್ ಎಲ್ಲ ಕಿತ್ತು ಮನೆಯ ಕಾರ್ ಶೆಡ್ಡಿನಲ್ಲಿ ಜೋಡಿಸಿದಳು. ಚಳಿಗಾಲದಲ್ಲಿ ಅಲ್ಲಿ ಕೂತರೆ ಕಿವಿ ಹೆಪ್ಪುಗಟ್ಟುತ್ತದೆ, ಆದರೂ ಹೋಗುತ್ತೇವೆ. ಹೊರಗೆ ಗೇಟಿನ ಬಳಿ ತೊಟ್ಟಿ ನಿಂತಿರುತ್ತದೆ. ಪಂದ್ಯದ ಶನಿವಾರಗಳಲ್ಲಿ ಅದನ್ನು ತಳ್ಳಿಕೊಂಡು ಮೈದಾನದ ಎದುರಿಗೆ ಹೋಗುತ್ತಾಳೆ. ಪುರಸಭೆಯವನು ಬಂದು ಅದು ಕಾಲುದಾರಿಗೆ ಅಡ್ಡ ಎಂದಾಗ, "ಹಾಗಾದ್ರೆ ನೀನೇ ಎತ್ತಿ ಒಳಗಿಡು, ನಾನು ಫೋಟೋ ತೆಗೀತೀನಿ," ಎಂದಳಂತೆ. ಅವನು ಎತ್ತಲಿಲ್ಲ.

ಲೀಸಾ ಅಡಿಲೇಡಿನಲ್ಲಿ ಮಕ್ಕಳ ಜೊತೆ ಬೇರೆ ಮನೆ ಮಾಡಿಕೊಂಡಳು. ಹತ್ತಿರ ಸುಳಿಯಬಾರದೆಂದು ಡ್ಯಾರಿನ್ನನಿಗೆ ಕೋರ್ಟಿನ ಆಜ್ಞೆಯಾಯಿತು. ಒಮ್ಮೆ ಮೀರಿದ, ಜೈಲು ಕಂಡ, ಬಂದ ಮೇಲೆ ಯಂತ್ರಗಳನ್ನು ಮಾರಿ ಬೇರೆ ರಾಜ್ಯಕ್ಕೆ ಹೋದ. ಕ್ಲಬ್ಬಿನ ಗೋಡೆಯ ಮೇಲೆ ಅವನ ಫೋಟೋ ಇನ್ನೂ ಇದೆ. ವರ್ನಾ ತಿಂಗಳಿಗೊಮ್ಮೆ ಬಸ್ಸು ಹತ್ತಿ ಮೊಮ್ಮಕ್ಕಳನ್ನು ನೋಡಿ ಬರುತ್ತಾಳೆ. ಅವರ ಮನೆ ಎಲ್ಲಿದೆ ಎಂದು ಅವಳು ಇವತ್ತಿಗೂ ಕೇಳಿಲ್ಲ. ಉದ್ಯಾನದಲ್ಲಿ ಭೇಟಿ, ಅಲ್ಲಿಂದಲೇ ವಾಪಸ್ಸು.

ನಿನಗೆ ಸುಸ್ತಾಗುವುದಿಲ್ಲವೇ ಎಂದು ನಾನು ಗ್ಲೆನಿಸಳನ್ನು ಕೇಳಿದ್ದುಂಟು.

"ಆಗದೆ ಏನು? ಮೊಣಕಾಲು ಬೇರೆ ನೋವು. ಆದ್ರೆ ನಾನು ಸುಸ್ತಾಗಿ ಕೂತ್ರೆ ಕೆಲವರಿಗೆ ಖುಷಿ ಆಗುತ್ತೆ. ಅವರಿಗೆ ಖುಷಿ ಆಗೋದು ನಂಗೆ ಇಷ್ಟ ಇಲ್ಲ."

ಈ ವರ್ಷ ಕ್ಲಬ್ಬಿಗೆ ಹೊಸ ಸಮಿತಿ ಬಂದಿದೆ. ಅವರಲ್ಲೊಬ್ಬಳು, ಅದೇ ನೆಟ್‌ಬಾಲಿನ ಹುಡುಗಿ, ಶೆಡ್ಡಿಗೆ ಬಂದು, ತೊಟ್ಟಿಯನ್ನು ಶನಿವಾರ ಮೈದಾನದ ಗೇಟಿನ ಒಳಗೆ, ಕ್ಯಾಂಟೀನಿನ ಪಕ್ಕದಲ್ಲೇ ಇಡಬಹುದು, ಎಲ್ಲರೂ ಒಪ್ಪಿದ್ದಾರೆ ಎಂದು ಸಂಭ್ರಮದಿಂದ ಹೇಳಿದಳು. ಗ್ಲೆನಿಸ್ ಯಾರದೋ ತಲೆಗೆ ಬಣ್ಣ ಕಲಸುತ್ತಿದ್ದಳು, ತಲೆಯೆತ್ತಲಿಲ್ಲ.

"ಬೇಡ ಕಣಮ್ಮಾ. ಹೊರಗೇ ಇರ್ಲಿ."

"ಯಾಕೆ, ಇನ್ನೂ ಕೋಪಾನಾ?"

"ಕೋಪ ಇದ್ದೇ ಇದೆ, ಅದು ಬೇರೆ ಮಾತು. ಒಳಗೆ ಗಂಡನ ಪಕ್ಕ ಕೂತೋಳು ಎದ್ದು ಬಂದು ನನ್ನ ಹತ್ರ ಮಾತಾಡ್ತಾಳಾ? ಹೊರಗಾದ್ರೆ, ಕಾರಲ್ಲಿ ಏನೋ ಮರೆತೆ ಅಂತ ಬರ್ಬೋದು."

ಮುಂದಿನ ಶನಿವಾರವೂ ಅವಳು ರಸ್ತೆಯಂಚಿನಲ್ಲೇ ಕುರ್ಚಿ ಹಾಕಿಕೊಂಡು ಕೂತಳು, ಬೆನ್ನು ಮೈದಾನಕ್ಕೆ, ಮುಖ ರಸ್ತೆಯಾಚೆ ನಿಂತ ಕಾರುಗಳ ಕಡೆಗೆ.